ರಾಬಿನ್ ವಿಲಿಯಮ್ಸ್ ನಗಿಸಿದ್ದು ನೋವು ಮುಚ್ಚಿಕೊಳ್ಳಲು ಅಲ್ಲ

ಪ್ರತಿ ವರ್ಷ ಆಗಸ್ಟ್ 11 ಬಂದರೆ, ಹಾಲಿವುಡ್ ಹಾಸ್ಯನಟ ರಾಬಿನ್ ವಿಲಿಯಮ್ಸ್ ತೀರಿಕೊಂಡ ದಿನ ಅಂತ ಸೋಷಿಯಲ್ ಮೀಡಿಯಾದಲ್ಲಿ ಅವರ ಫೋಟೋ ಓಡಾಡುತ್ತದೆ. ಕೆಳಗಿನ ಬರಹ ಹೆಚ್ಚುಕಡಿಮೆ ಒಂದೇ: ಎಲ್ಲರನ್ನೂ ನಗಿಸಿದವನು ಒಳಗೊಳಗೇ ಅಳುತ್ತಿದ್ದ. ಪ್ರೀತಿಯಿಂದಲೇ ಹಂಚುತ್ತಾರೆ, ಗೊತ್ತು. ಆದರೆ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಸುಮಾರು 40 ವರ್ಷ ಕಷ್ಟಪಟ್ಟು ಕಟ್ಟಿದ ಕಸುಬನ್ನು ನಾವು ಒಂದೇ ಸಾಲಿನಲ್ಲಿ ನೋವು ಮುಚ್ಚುವ ಪರದೆ ಮಾಡಿಬಿಡುತ್ತೇವೆ.

ಅವರಿಗೆ ನಗಿಸುವುದು ಕಲಿತ ವಿದ್ಯೆ. 1973ರಲ್ಲಿ ನ್ಯೂಯಾರ್ಕಿನ ಜುಲಿಯಾರ್ಡ್ ಕಲಾಶಾಲೆ ಸೇರಿ ನಾಟಕ ಕಲಿತರು. ಮುಂದೆ ಸೂಪರ್‌ಮ್ಯಾನ್ ಆದ ಕ್ರಿಸ್ಟೋಫರ್ ರೀವ್ ಅಲ್ಲಿ ಸಹಪಾಠಿ. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊದ ಹೋಲಿ ಸಿಟಿ ಝೂ ಅನ್ನೋ ಪುಟ್ಟ ಕ್ಲಬ್, ಲಾಸ್ ಏಂಜಲೀಸ್‌ನ ಕಾಮಿಡಿ ಸ್ಟೋರ್. ಸ್ಟ್ಯಾಂಡ್‌ಅಪ್‌ನಲ್ಲಿ ಇರೋದು ಒಂದು ಮೈಕು, ಎದುರಿಗೆ ಜನ. ಹಿನ್ನೆಲೆ ಸಂಗೀತ ಇಲ್ಲ, ಎರಡನೇ ಟೇಕ್ ಇಲ್ಲ. ಜನ ನಗದಿದ್ದರೆ ಆ ಕ್ಷಣಕ್ಕೇ ಗೊತ್ತಾಗುತ್ತದೆ. ಅಲ್ಲಿ ಉಳಿಯಬೇಕಾದರೆ ಮಾತು ಬಂದರೆ ಸಾಲದು, ಎದುರಿಗೆ ಕೂತವರ ಉಸಿರಾಟವನ್ನೂ ಕೇಳಿಸಿಕೊಳ್ಳಬೇಕು. ವಿಲಿಯಮ್ಸ್ ಅಂದರೆ ಬಿಡುವಿಲ್ಲದ ಮಾತು ಅಂತ ನಾವು ನೆನಪಿಟ್ಟುಕೊಂಡಿದ್ದೇವೆ. ನನ್ನ ಪ್ರಕಾರ ಅವರ ನಿಜವಾದ ಶಕ್ತಿ ಈ ಕೇಳಿಸಿಕೊಳ್ಳುವುದರಲ್ಲಿತ್ತು.

1978ರಲ್ಲಿ ಟಿವಿಯಲ್ಲಿ ಬೇರೆ ಗ್ರಹದಿಂದ ಬಂದ ಮಾರ್ಕ್ ಆಗಿ ಕಾಣಿಸಿಕೊಂಡರು. ಆ ಪಾತ್ರ ಎಷ್ಟು ಹಿಡಿಸಿತು ಅಂದರೆ ‘ಮಾರ್ಕ್ ಆ್ಯಂಡ್ ಮಿಂಡಿ’ ಅನ್ನೋ ಬೇರೆ ಧಾರಾವಾಹಿಯೇ ಶುರುವಾಗಿ 1982ರವರೆಗೆ ನಡೆಯಿತು. ಸಿನಿಮಾ ಮಾತ್ರ ಅಷ್ಟು ಸಲೀಸಾಗಿ ಒಲಿಯಲಿಲ್ಲ. 1980ರ ‘ಪಾಪಾಯ್’ ನೋಡಿ. ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ದೊಡ್ಡ ಹೆಸರು. ಆದರೂ ವೇದಿಕೆಯ ಮೇಲಿನ ಆ ಬೆಂಕಿ ಅಲ್ಲಿ ಕಾಣುವುದಿಲ್ಲ.

ದಾರಿ ಸಿಕ್ಕಿದ್ದು 1987ರ ‘ಗುಡ್ ಮಾರ್ನಿಂಗ್, ವಿಯೆಟ್ನಾಂ’ನಲ್ಲಿ. ನಿರ್ದೇಶಕ ಬ್ಯಾರಿ ಲೆವಿನ್ಸನ್ ಮಾಡಿದ ದೊಡ್ಡ ಕೆಲಸ ಅಂದರೆ ರೇಡಿಯೊ ಸ್ಟುಡಿಯೊ ದೃಶ್ಯಗಳಲ್ಲಿ ಅವರನ್ನು ಅವರ ಪಾಡಿಗೆ ಬಿಟ್ಟಿದ್ದು. ಕ್ಯಾಮೆರಾ ಓಡುತ್ತಿತ್ತು, ಇವರು ಬಾಯಿಗೆ ಬಂದಂತೆ ಕಟ್ಟುತ್ತಾ ಹೋದರು. ಮೊದಲ ಆಸ್ಕರ್ ನಾಮನಿರ್ದೇಶನ ಬಂತು. ಡಿಸ್ನಿಯವರು 1992ರ ‘ಅಲ್ಲಾದ್ದೀನ್’ ಜೀನಿ ಪಾತ್ರಕ್ಕೆ ಇವರನ್ನು ಒಪ್ಪಿಸಿದ ರೀತಿ ಇನ್ನೂ ಚಂದ. ಆ್ಯನಿಮೇಟರ್ ಎರಿಕ್ ಗೋಲ್ಡ್‌ಬರ್ಗ್ ಇವರದೇ ಹಳೆಯ ಸ್ಟ್ಯಾಂಡ್‌ಅಪ್ ಆಲ್ಬಂನ ಧ್ವನಿ ತೆಗೆದುಕೊಂಡು, ಅದಕ್ಕೆ ಜೀನಿಯ ಚಿತ್ರ ಬರೆದು ತೋರಿಸಿದರು. ವೇದಿಕೆಯ ಮಾತು ಮೊದಲು ಬಂತು, ಪಾತ್ರ ಅದರ ಬೆನ್ನ ಹಿಂದೆ ಬಂತು. ಮರುವರ್ಷ, 1993ರಲ್ಲಿ, ‘ಮಿಸೆಸ್ ಡೌಟ್‌ಫೈರ್’. ಹೆಂಡತಿಯಿಂದ ದೂರವಾದ ಅಪ್ಪ ಮಕ್ಕಳ ಜೊತೆ ಇರಲು ಹೆಂಗಸಿನ ವೇಷ ಹಾಕಿ ಮನೆಗೆಲಸಕ್ಕೆ ಸೇರುವ ಕಥೆ. ಇವರು ಪ್ರತಿ ಸಲ ಬೇರೆ ಬೇರೆ ಮಾತಾಡುತ್ತಿದ್ದರಿಂದ, ಎದುರಿನ ನಟರ ನಿಜವಾದ ಪ್ರತಿಕ್ರಿಯೆ ತಪ್ಪಿಹೋಗಬಾರದು ಅಂತ ಕ್ರಿಸ್ ಕೊಲಂಬಸ್ ಒಟ್ಟಿಗೇ ಹಲವು ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಕಮಲ್ ಹಾಸನ್ ಅವರ ‘ಅವ್ವೈ ಷಣ್ಮುಗಿ’, ‘ಚಾಚಿ 420’ ನೋಡಿ ನಕ್ಕವರಿಗೆ ಈ ಕಥೆ ಗೊತ್ತೇ ಇರುತ್ತದೆ.

ಈಗ ‘ಗುಡ್ ವಿಲ್ ಹಂಟಿಂಗ್’ಗೆ ಬರೋಣ. 1997ರ ಸಿನಿಮಾ. ಪೋಷಕ ನಟನಾಗಿ ಆಸ್ಕರ್ ಬಂದಿದ್ದು ಇದಕ್ಕೇ. ‘ಕಾಮಿಡಿ ಬಿಟ್ಟು ಗಂಭೀರವಾಗಿ ನಟಿಸಿದ್ದಕ್ಕೆ ಪ್ರಶಸ್ತಿ ಸಿಕ್ಕಿತು’ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಾಸ್ಟನ್ ಪಾರ್ಕಿನ ಬೆಂಚಿನ ದೃಶ್ಯವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಇಷ್ಟ ಇನ್ನೊಂದು ದೃಶ್ಯ. ವಿಲಿಯಮ್ಸ್ ಮಾಡಿದ ಮನಶ್ಶಾಸ್ತ್ರಜ್ಞ ಶಾನ್, ತನ್ನ ತೀರಿಹೋದ ಹೆಂಡತಿಯ ಬಗ್ಗೆ ಹೇಳುತ್ತಾನೆ. ಅವಳು ನಿದ್ದೆಯಲ್ಲಿ ಹೂಸು ಬಿಡುತ್ತಿದ್ದಳು, ಒಂದು ಸಲ ಆ ಸದ್ದಿಗೆ ತಾನೇ ಎಚ್ಚರಗೊಂಡಳು ಅಂತ. ಅದು ಚಿತ್ರಕಥೆಯಲ್ಲಿ ಇರಲಿಲ್ಲ, ವಿಲಿಯಮ್ಸ್ ಅಲ್ಲೇ ಕಟ್ಟಿದ್ದು. ಎದುರಿಗೆ ಕೂತ ನಟ ಮ್ಯಾಟ್ ಡೇಮನ್ ನಗುವುದು ನಟನೆಯಲ್ಲ. ಕ್ಯಾಮೆರಾ ಸ್ವಲ್ಪ ಅಲುಗಾಡುವುದೂ ಕಾಣುತ್ತದೆ. ಆ ನಗು ಇಳಿಯುವಷ್ಟರಲ್ಲಿ ಶಾನ್ ಹೇಳುತ್ತಾನೆ, ತನಗೆ ಈಗ ನೆನಪಾಗುವುದು ಇಂಥ ಸಣ್ಣಪುಟ್ಟ ವಿಷಯಗಳೇ ಅಂತ. ಆ ಹೆಂಗಸನ್ನು ನಾವು ಸಿನಿಮಾದಲ್ಲಿ ಒಮ್ಮೆಯೂ ನೋಡುವುದಿಲ್ಲ. ಆದರೂ ಅವಳು ಇಲ್ಲವಲ್ಲ ಅಂತ ನಮಗೂ ಅನ್ನಿಸುತ್ತದೆ. ಇದನ್ನು ಮಾಡಿದ್ದು ಒಂದು ಜೋಕು. ಎದುರಿನವನನ್ನು ಎಷ್ಟು ನಗಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಕ್ಲಬ್ಬುಗಳಲ್ಲಿ ರಾತ್ರಿ ರಾತ್ರಿ ನಿಂತು ಬಂದ ವಿದ್ಯೆ. ಅವರು ಕಾಮಿಡಿ ಬಿಟ್ಟಿರಲೇ ಇಲ್ಲ.

ವೇದಿಕೆಯನ್ನೂ ಬಿಡಲಿಲ್ಲ. ಇನ್ನೊಬ್ಬ ಹಾಸ್ಯನಟ ಎಡ್ಡಿ ಮರ್ಫಿ 1987ರ ‘ರಾ’ ಅನ್ನೋ ಶೋ ನಂತರ ಸ್ಟ್ಯಾಂಡ್‌ಅಪ್‌ನಿಂದ ದೂರವಾದರು. ವಿಲಿಯಮ್ಸ್ ಹಾಗಲ್ಲ. 2002ರಲ್ಲಿ ‘ಇನ್‌ಸಾಮ್ನಿಯಾ’, ‘ಒನ್ ಅವರ್ ಫೋಟೋ’ ಎರಡರಲ್ಲೂ ಮೈ ನಡುಗಿಸುವ ಪಾತ್ರಗಳು. ಅದೇ ವರ್ಷ ನ್ಯೂಯಾರ್ಕಿನ ಹೆಸರಾಂತ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಮೈಕು ಹಿಡಿದು ಬೆವರಿಳಿಸಿಕೊಂಡು ಕುಣಿದರು. ಎಲ್ಲ ಸಿನಿಮಾನೂ ಒಳ್ಳೆಯದು ಅನ್ನಲಾರೆ. ‘ಪ್ಯಾಚ್ ಆ್ಯಡಮ್ಸ್’ ನನಗೆ ಅತಿ ಸಿಹಿ.

ಅವರ ಬದುಕಿನಲ್ಲಿ ನೋವೇ ಇರಲಿಲ್ಲವೇ? ಇತ್ತು. ಕೊಕೇನ್ ಇತ್ತು. ಅದನ್ನು ಬಿಟ್ಟು ಎಷ್ಟೋ ವರ್ಷದ ಮೇಲೆ ಕುಡಿತ ಮರಳಿ ಬಂತು, 2006ರಲ್ಲಿ ಚಿಕಿತ್ಸೆಗೆ ಸೇರಿದರು. ಆದರೆ ಅವರು ಅದನ್ನು ಮುಚ್ಚಿಡಲಿಲ್ಲ. 2009ರ ಶೋನಲ್ಲಿ ಕುಡಿತದ ಬಗ್ಗೆ, ಹೃದಯದ ಆಪರೇಷನ್ ಬಗ್ಗೆ ಸಾವಿರಾರು ಜನರ ಮುಂದೆ ಹೇಳಿಕೊಂಡರು. ಮುಚ್ಚಿಡುವವರು ಹೀಗೆ ಮಾಡುತ್ತಾರಾ?

ಕೊನೆಯ ದಿನಗಳ ಬಗ್ಗೆ ಪತ್ನಿ ಸೂಸನ್ 2016ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬರೆದಿದ್ದಾರೆ. ಅದನ್ನು ಓದಿದ ಮೇಲೆ ಆ ಫೋಟೋ ಹಂಚಲು ಮನಸ್ಸು ಬರುವುದಿಲ್ಲ. 2011ರಲ್ಲಿ ಬ್ರಾಡ್‌ವೇ ನಾಟಕವೊಂದರಲ್ಲಿ ನೂರಾರು ಸಾಲು ತಪ್ಪಿಲ್ಲದೆ ಹೇಳಿದ ನಟ, 2014ರ ವಸಂತದಲ್ಲಿ ವ್ಯಾಂಕೂವರ್‌ನಲ್ಲಿ ‘ನೈಟ್ ಅಟ್ ದ ಮ್ಯೂಸಿಯಂ’ ಮೂರನೇ ಭಾಗದ ಶೂಟಿಂಗ್‌ನಲ್ಲಿ ಒಂದು ಸಾಲು ನೆನಪಿಟ್ಟುಕೊಳ್ಳಲೂ ಒದ್ದಾಡಿದರು. ಭಯ, ಕೈ ನಡುಕ, ನಿದ್ದೆ ಇಲ್ಲ. ಮೇ ತಿಂಗಳಲ್ಲಿ ವೈದ್ಯರು ಪಾರ್ಕಿನ್ಸನ್ಸ್ ಅಂದರು. ಆಗಸ್ಟ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಲ್ಯೂಯಿ ಬಾಡಿ ಕಾಯಿಲೆ ಮಿದುಳಿನ ತುಂಬ ಹರಡಿತ್ತು ಅಂತ ಗೊತ್ತಾಗಿದ್ದು ಮರಣೋತ್ತರ ಪರೀಕ್ಷೆಯಲ್ಲಿ. ಮಿದುಳಿನ ಕೋಶಗಳಲ್ಲಿ ಒಂದು ಬಗೆಯ ಪ್ರೋಟೀನು ಗಂಟುಗಟ್ಟುತ್ತದೆ. ನೆನಪು, ನಿದ್ದೆ, ಚಲನೆ, ಮನಸ್ಸು ಎಲ್ಲವನ್ನೂ ಅದು ಕೆಡಿಸುತ್ತದೆ. ಈ ಕಾಯಿಲೆಗೆ ಹಾಸ್ಯಗಾರ, ಗುಮಾಸ್ತ ಅನ್ನೋ ಭೇದ ಇಲ್ಲ. ಮನೆಯಲ್ಲಿ ಹಿರಿಯರಿಗೆ ಹೀಗೆಲ್ಲ ಒಟ್ಟಿಗೇ ಶುರುವಾದರೆ ದಯವಿಟ್ಟು ‘ವಯಸ್ಸಾಯ್ತು’ ಅಂತ ಸುಮ್ಮನಾಗಬೇಡಿ, ನರರೋಗ ತಜ್ಞರಿಗೆ ತೋರಿಸಿ.

ನಗು ಅವರಿಗೆ ಏನಾಗಿತ್ತು ಅನ್ನೋದಕ್ಕೆ ಕ್ರಿಸ್ಟೋಫರ್ ರೀವ್ ಬರೆದಿದ್ದು ನನಗೆ ಸಾಕು. 1995ರಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ತಪ್ಪಿ ಆಸ್ಪತ್ರೆಯಲ್ಲಿದ್ದಾಗ ಒಬ್ಬ ರಷ್ಯನ್ ಡಾಕ್ಟರ್ ನುಗ್ಗಿ ಬಂದು, ಗುದದ್ವಾರ ಪರೀಕ್ಷೆ ಮಾಡಬೇಕು ಅಂದನಂತೆ. ಆ ಡಾಕ್ಟರ್ ವಿಲಿಯಮ್ಸ್. ಅಪಘಾತದ ನಂತರ ರೀವ್ ಮೊದಲ ಸಲ ನಕ್ಕಿದ್ದು ಆಗ. ಬದುಕಬಲ್ಲೆ ಅನ್ನಿಸಿದ್ದೂ ಆಗಲೇ.

ಅವರನ್ನು ಬರೀ ಸಿನಿಮಾದಲ್ಲಿ ನೋಡಿದ್ದೀರಾದರೆ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸಿನಲ್ಲಿ 1986ರಲ್ಲಿ ಮಾಡಿದ ಶೋ ಹುಡುಕಿ ನೋಡಿ. ಮಕ್ಕಳ ಜೊತೆ ಕೂತು ನೋಡುವಂಥದ್ದಲ್ಲ, ಭಾಷೆ ಒರಟು. ನೋಡಿದ ಮೇಲೆ ‘ಗುಡ್ ವಿಲ್ ಹಂಟಿಂಗ್’ ಮತ್ತೊಮ್ಮೆ ಹಾಕಿ. ಹೆಂಡತಿಯ ಕಥೆ ಹೇಳುವ ಆ ದೃಶ್ಯ ಬಂದಾಗ ನಿಮಗೆ ಏನನ್ನಿಸಿತು ಅಂತ ಹೇಳಿ, ನನಗೆ ನಿಜಕ್ಕೂ ತಿಳಿದುಕೊಳ್ಳುವ ಆಸೆ ಇದೆ.