ಗಣಿಯಿಲ್ಲದ ಗಣಿ ಕಂಪನಿಗೆ ಒಂದು ಬೆಟ್ಟ ಬೇಕಂತೆ

ದೆಹಲಿಯಲ್ಲಿ ಸಹಿ ಬಿತ್ತು, ಬೆಂಗಳೂರಿನಲ್ಲಿ ತಡೆ ಬಿತ್ತು. ಎರಡೂ 2024ರ ಜೂನ್ ತಿಂಗಳಲ್ಲೇ. ಉಕ್ಕು ಸಚಿವರಾಗಿ ಎಚ್.ಡಿ. ಕುಮಾರಸ್ವಾಮಿಯವರು ಕುರ್ಚಿಯಲ್ಲಿ ಕೂತ ಕೂಡಲೇ ಬಳ್ಳಾರಿ ಜಿಲ್ಲೆಯ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಕಬ್ಬಿಣದ ಅದಿರು ತೆಗೆಯುವ ಗಣಿಯ ಕಡತಕ್ಕೆ ಸಹಿ ಹಾಕಿದರು. ಕೆಲವೇ ದಿನದಲ್ಲಿ ನಮ್ಮ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಅರಣ್ಯ ಭೂಮಿ ಬಿಟ್ಟುಕೊಡಬೇಡಿ ಅಂತ ಅಧಿಕಾರಿಗಳಿಗೆ ಬರೆದರು. ಟಿವಿಯವರಿಗೆ ಒಂದು ವಾರಕ್ಕೆ ಸಾಕಾಗುವಷ್ಟು ಸರಕು ಸಿಕ್ಕಿತು. ದೇವೇಗೌಡರ ಮಗ, ಭೀಮಣ್ಣ ಖಂಡ್ರೆಯವರ ಮಗ, ಇಬ್ಬರೂ ಕನ್ನಡಿಗರು, ಮಧ್ಯೆ ಒಂದು ಬೆಟ್ಟ. ಇನ್ನೇನು ಬೇಕು?

ಜಗಳ ಆಡಿದವರ ಬಗ್ಗೆ ಎಲ್ಲರೂ ಮಾತಾಡಿದರು. ಗಣಿ ಕೇಳಿದ ಕಂಪನಿಯ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ. ನನಗೆ ಅದರ ಮೇಲೆ ಮೊದಲಿಂದಲೂ ಒಂಥರಾ ಪ್ರೀತಿ. ಕೆಐಒಸಿಎಲ್ ಅಂದರೆ ಕೇಂದ್ರ ಸರ್ಕಾರದ, ನಮ್ಮ ಹಳೇ ಕುದುರೆಮುಖ ಕಬ್ಬಿಣದ ಅದಿರು ಕಂಪನಿ. 2005ರ ಡಿಸೆಂಬರ್ ಕೊನೆಗೆ, ಸುಪ್ರೀಂ ಕೋರ್ಟ್ ಹೇಳಿದಂತೆ, ಕುದುರೆಮುಖದ ಗಣಿ ಮುಚ್ಚಿತು. ಅವತ್ತಿನಿಂದ 2024ರ ಈ ಜಗಳದವರೆಗೂ ಈ ಗಣಿ ಕಂಪನಿಗೆ ಅಗೆಯಲು ಸ್ವಂತ ಗಣಿ ಇರಲಿಲ್ಲ. ಉಳಿದಿದ್ದೆಲ್ಲಾ ಇದೆ. ಅಧ್ಯಕ್ಷರಿದ್ದಾರೆ, ನಿರ್ದೇಶಕರಿದ್ದಾರೆ, ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇದೆ, ಸರ್ಕಾರಿ ಕಂಪನಿಗಳಿಗೆ ಕೇಂದ್ರ ಕೊಡುವ ಮಿನಿರತ್ನ ಅನ್ನೋ ಬಿರುದಿದೆ. ವರ್ಷಕ್ಕೊಂದು ವರದಿ ಬರುತ್ತದೆ. ಅದರಲ್ಲಿ ಪ್ರಮುಖ ಯೋಜನೆಗಳು ಎಲ್ಲಿಗೆ ಬಂದವು ಅಂತ ಹೇಳುವ ಪುಟಗಳೂ ಇವೆ. ಯೋಜನೆಗಳು ಎಲ್ಲಿಗೂ ಬಂದಿರುವುದಿಲ್ಲ. ಪುಟಗಳು ಮಾತ್ರ ಪ್ರತಿ ವರ್ಷ ಬರುತ್ತವೆ.

2022-23ರಲ್ಲಿ ಕಂಪನಿಗೆ ಸುಮಾರು 98 ಕೋಟಿ ನಷ್ಟವಾಯಿತು. ಮರುವರ್ಷ ಸುಮಾರು 83 ಕೋಟಿ. ನಷ್ಟ 15 ಕೋಟಿ ಕಡಿಮೆಯಾಯಿತು ನೋಡಿ. ಇದನ್ನೂ ಪ್ರಗತಿ ಅನ್ನಬಾರದು ಅಂದರೆ ನೀವು ಅಭಿವೃದ್ಧಿಯ ವಿರೋಧಿಗಳೇ ಸರಿ.

ಗಣಿ ಇಲ್ಲದ ಮೇಲೆ ಇಷ್ಟು ವರ್ಷ ಇವರು ಮಾಡಿದ್ದೇನು? ಮಂಗಳೂರಿನ ಪಣಂಬೂರಿನಲ್ಲಿ ಇವರಿಗೆ ಪೆಲ್ಲೆಟ್ ಕಾರ್ಖಾನೆ ಇದೆ. ಅದಿರಿನ ಪುಡಿಯನ್ನು ಉಂಡೆ ಕಟ್ಟಿ, ಸುಟ್ಟು, ಹಡಗಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಕೆಲಸ. ವರ್ಷಕ್ಕೆ 35 ಲಕ್ಷ ಟನ್ ಮಾಡುವ ತಾಕತ್ತಿದೆ. ಅದಿರು ಎಲ್ಲಿಂದ? ಸಂಡೂರಿನಿಂದ ಅಂತ ನೀವು ಅಂದುಕೊಂಡರೆ ನಿಮಗೆ ಭಾರತದ ಭೂಗೋಳ ಗೊತ್ತು, ಭಾರತದ ಆಡಳಿತ ಗೊತ್ತಿಲ್ಲ. ಅದಿರು ಬರುತ್ತಿದ್ದದ್ದು ಛತ್ತೀಸಗಡದ ಬೈಲಾಡಿಲಾದಿಂದ. ಬಸ್ತರಿನ ಕಾಡಿನಲ್ಲಿ ಇನ್ನೊಂದು ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿಯವರು ಅಗೆಯುತ್ತಾರೆ. ಅಲ್ಲಿಂದ ರೈಲಿನಲ್ಲಿ ಪೂರ್ವಘಟ್ಟ ಇಳಿದು ವಿಶಾಖಪಟ್ಟಣಕ್ಕೆ. ವಿಶಾಖಪಟ್ಟಣದಲ್ಲಿ ಹಡಗು ಹತ್ತಿ ಬಂಗಾಳ ಕೊಲ್ಲಿ, ಲಂಕೆ ಸುತ್ತಿ ಅರಬ್ಬೀ ಸಮುದ್ರ, ಕೇರಳದ ಪಕ್ಕದಲ್ಲೇ ಮೇಲೆ ಬಂದು ಮಂಗಳೂರು. ಅಲ್ಲಿ ಇಳಿದು, ಉಂಡೆಯಾಗಿ, ಮತ್ತೆ ಹಡಗು ಹತ್ತಿ, ಬಂದ ದಾರಿಯಲ್ಲೇ ಲಂಕೆ ಸುತ್ತಿ ಚೀನಾ ಕಡೆಗೆ. ನಾವು ಸರ್ಕಾರಿ ರಜೆ ಹಾಕಿ ಎಲ್‌ಟಿಸಿಯಲ್ಲಿ ಹೋದರೂ ಇಷ್ಟು ಊರು ನೋಡುವುದಿಲ್ಲ.

ಇದಕ್ಕೊಂದು ಕಾರಣವೂ ಇತ್ತು ಅನ್ನಿ. ಬಳ್ಳಾರಿಯ ಗಣಿ ಹಗರಣದ ಮೇಲೆ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಷರತ್ತು ಹಾಕಿ ಬಿಟ್ಟರೂ ಕರ್ನಾಟಕದ ಅದಿರು ದೇಶ ಬಿಟ್ಟು ಹೋಗುವಂತಿರಲಿಲ್ಲ. ಹಾಗಾಗಿ ರಫ್ತು ಮಾಡುವ ಕಂಪನಿ ಬೇರೆ ರಾಜ್ಯದ ಅದಿರು ತರಬೇಕಾಯಿತು. 2022ರ ಮೇ 20ರಂದು ಕೋರ್ಟ್ ಆ ನಿರ್ಬಂಧ ತೆಗೆಯಿತು. ಕಂಪನಿಯವರು ಸಿಹಿ ಹಂಚಿರಬೇಕು. ಹಂಚಿದ ಸಿಹಿ ಕರಗುವ ಮೊದಲೇ, ಮೇ 22ರಿಂದ, ಕೇಂದ್ರ ಸರ್ಕಾರ ಪೆಲ್ಲೆಟ್ ರಫ್ತಿನ ಮೇಲೆ ಶೇಕಡಾ 45 ಸುಂಕ ಹಾಕಿತು. ಎರಡೇ ದಿನ! ಕೆಐಒಸಿಎಲ್‌ನ 100 ಶೇರಿನಲ್ಲಿ 99 ಕೇಂದ್ರ ಸರ್ಕಾರದ್ದೇ. ಅಂದರೆ ಹಣಕಾಸು ಇಲಾಖೆ ಉಕ್ಕು ಇಲಾಖೆಯ ಕೂಸಿನ ಕತ್ತು ಹಿಡಿಯಿತು. ಆರು ತಿಂಗಳಾದ ಮೇಲೆ ಸುಂಕ ತೆಗೆದರು. ಅಷ್ಟು ಹೊತ್ತಿಗೆ ಆ ವರ್ಷದ ಲೆಕ್ಕಕ್ಕೆ ಏನಾಗಬೇಕೋ ಅದು ಆಗಿತ್ತು.

ಈ ಕಂಪನಿಯ ಜಾತಕವೇ ಹಾಗೆ. ಹುಟ್ಟಿದ್ದು 1976ರ ಏಪ್ರಿಲ್‌ನಲ್ಲಿ, ಇರಾನಿನ ದೊರೆಯನ್ನು ನಂಬಿಕೊಂಡು. ಶಾ ಸಾಹೇಬರು 63 ಕೋಟಿ ಡಾಲರ್ ಸಾಲ ಕೊಡುತ್ತೇನೆ, ಅದಿರನ್ನೂ ನಾನೇ ಕೊಳ್ಳುತ್ತೇನೆ ಅಂದಿದ್ದರು. ಅರ್ಧಕ್ಕಿಂತ ಕಡಿಮೆ ದುಡ್ಡು ಬಂದಿತ್ತು. ಅಷ್ಟರಲ್ಲಿ 1979 ಬಂತು, ಶಾ ಓಡಿಹೋದರು, ಹೊಸಬರಿಗೆ ಕುದುರೆಯ ಮುಖವೂ ಬೇಡ, ಬಾಲವೂ ಬೇಡ. ಇಲ್ಲಿ ಮಾತ್ರ ಗುಡ್ಡ ಕಡಿದಾಗಿತ್ತು. ಘಟ್ಟದ ಮೇಲೆ ಊರು ಕಟ್ಟಿ, ಲಕ್ಯಾ ಹೊಳೆಗೆ ಕೆಸರು ತಡೆಯುವ ಅಣೆಕಟ್ಟು ಕಟ್ಟಿ, ಮಂಗಳೂರಿಗೆ 67 ಕಿಲೋಮೀಟರ್ ಪೈಪು ಎಳೆದಾಗಿತ್ತು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ ಅದು. ಗಣಿಯ ಕೆಂಪು ಮಣ್ಣು ಭದ್ರೆಗೆ ಇಳಿಯಿತು, ಹೋರಾಟ ನಡೆಯಿತು, ಕೋರ್ಟು ಮುಚ್ಚಿಸಿತು. ಈಗ ಚಾರಣಕ್ಕೆ ಹೋಗುವ ಹುಡುಗರು ಆನ್‌ಲೈನಿನಲ್ಲಿ ಟಿಕೆಟ್ ತೆಗೆದುಕೊಂಡು ಹೋಗಿ, ಇಷ್ಟು ಹಸಿರಾದ ಜಾಗದಲ್ಲಿ ಗಣಿ ಇತ್ತಾ ಅಂತ ಕೇಳುತ್ತಾರಂತೆ. ಇತ್ತಪ್ಪಾ. ಒಂದು ಇಡೀ ಊರೇ ಇತ್ತು.

ಪಣಂಬೂರಿನಲ್ಲೇ ಇವರದ್ದು ಒಂದು ಊದುಕುಲುಮೆ ಇದೆ. ಬೀಡುಕಬ್ಬಿಣ ಮಾಡಲು ಕಟ್ಟಿದ್ದು. 2009ರಲ್ಲಿ ನಿಂತಿತು. ಅದಕ್ಕೆ ಕೋಕ್ ಓವನ್ ಜೋಡಿಸಿ, ಪೈಪು ಎರಕ ಹೊಯ್ಯುವ ಘಟಕ ಜೋಡಿಸಿ, 800 ಕೋಟಿಗೂ ಜಾಸ್ತಿ ಸುರಿದು ಎಬ್ಬಿಸುತ್ತೇವೆ ಅನ್ನುವುದು ಇನ್ನೊಂದು ಪ್ರಮುಖ ಯೋಜನೆ. ಅದರ ಬಗ್ಗೆ ಇಷ್ಟು ಸಾಕು. 2024ರಲ್ಲೂ ಕುಲುಮೆ ತಣ್ಣಗೇ ಇತ್ತು.

ದೇವದಾರಿಗೆ ಬರೋಣ. 2017ರ ಜನವರಿಯಲ್ಲಿ ಆಗಿನ ಕಾಂಗ್ರೆಸ್ ಸರ್ಕಾರ ಈ ಬೆಟ್ಟದ 470.40 ಹೆಕ್ಟೇರನ್ನು ಕೆಐಒಸಿಎಲ್‌ಗೆ ಅಂತ ತೆಗೆದಿಟ್ಟಿತು. ಆಗ ಮುಖ್ಯಮಂತ್ರಿ ಯಾರು? ಸಿದ್ದರಾಮಯ್ಯ, 2024ರ ಜಗಳದ ಹೊತ್ತಿಗೂ ಇದ್ದವರೇ. ಮಧ್ಯೆ ಒಂದು ಮೈತ್ರಿ ಸರ್ಕಾರ ಬಂದು ಹೋಯಿತು. ಅದರ ಮುಖ್ಯಮಂತ್ರಿ ಯಾರು? ಈಗ ದೆಹಲಿಯಲ್ಲಿ ಸಹಿ ಹಾಕಿದವರೇ. ಆಮೇಲೆ ಬಿಜೆಪಿ ಸರ್ಕಾರ. ಮರ ಕಡಿಯಬಾರದು ಅಂತ ಅರಣ್ಯ ಇಲಾಖೆಯ ಒಳಗಿನವರೇ ಬರೆದ ಟಿಪ್ಪಣಿಗಳಿದ್ದವು. ಆದರೂ ಕೇಂದ್ರದ ಅರಣ್ಯ ಒಪ್ಪಿಗೆ ಬಂತು, 2023ರ ಜನವರಿಯಲ್ಲಿ ಗಣಿ ಗುತ್ತಿಗೆಯ ಕಾಗದವೂ ಆಯಿತು. ಮೂರೂ ಪಕ್ಷಗಳ ಕೈ ಈ ಕಡತದ ಮೇಲೆ ಬಿದ್ದಿದೆ. ಸರ್ವಪಕ್ಷ ಸಭೆ ಕರೆದರೂ ಇಷ್ಟು ಒಗ್ಗಟ್ಟು ಬರುವುದಿಲ್ಲ. ಈಗ ಮಾತ್ರ ಒಬ್ಬರು ನಾನು ಸಹಿ ಹಾಕಿದ್ದು ಬರೀ ಹಣಕಾಸಿಗೆ ಅನ್ನುತ್ತಾರೆ, ಇನ್ನೊಬ್ಬರು ನಮಗೆ ಕಾಡೇ ಮುಖ್ಯ ಅನ್ನುತ್ತಾರೆ.

2024ಕ್ಕೆ ಏಳು ವರ್ಷವಾಗಿತ್ತು, ಸರ್ಕಾರಿ ಕಂಪನಿಗೆ ದೇವದಾರಿಯಿಂದ ಒಂದು ಬುಟ್ಟಿ ಅದಿರು ತೆಗೆಯಲು ಆಗಿರಲಿಲ್ಲ. ಇದೇ ಸಂಡೂರು, ಹೊಸಪೇಟೆ, ಬಳ್ಳಾರಿಯಲ್ಲಿ 2006ರಿಂದ 2010ರವರೆಗೆ ಏನಾಯಿತು ಅಂತ ನೆನಪಿದೆಯಾ? ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ವರದಿಯ ಪ್ರಕಾರ 2.98 ಕೋಟಿ ಟನ್ ಅದಿರು ಅಕ್ರಮವಾಗಿ ದೇಶ ಬಿಟ್ಟು ಹೋಯಿತು. ಬೆಲೆ 12,228 ಕೋಟಿ. ಆ ಅಕ್ರಮ ಗಣಿಯವರಿಗೆ ಎನ್‌ಒಸಿ ಬೇಕಾಗಲಿಲ್ಲ. ಮೊದಲ ಹಂತ, ಎರಡನೇ ಹಂತ ಅಂತ ಅರಣ್ಯ ಒಪ್ಪಿಗೆಗೆ ಕಾಯಲಿಲ್ಲ. ಸುಗ್ಗಲಮ್ಮನ ಗುಡಿ ಅಡ್ಡ ಬಂತು, ಗುಡಿಯನ್ನೇ ಉರುಳಿಸಿದರು. ಎರಡು ರಾಜ್ಯದ ಗಡಿ ಅಡ್ಡ ಬಂತು, ಗಡಿಕಲ್ಲನ್ನೇ ಕಿತ್ತರು. ಜಪ್ತಿ ಮಾಡಿ ಬೇಲೆಕೇರಿ ಬಂದರಿನಲ್ಲಿ ಇಟ್ಟ ಅದಿರು ಕೂಡ ಲಕ್ಷಗಟ್ಟಲೆ ಟನ್ ಮಾಯವಾಯಿತು. ಜಪ್ತಿಯಾದ ಮಾಲು! ಸಂಡೂರಿನ ರಸ್ತೆಯಲ್ಲಿ ಬೈಕು, ಮರದ ಎಲೆ, ಮಕ್ಕಳ ಯೂನಿಫಾರಂ ಎಲ್ಲದಕ್ಕೂ ಒಂದೇ ಬಣ್ಣ. ಯೋಜನೆಯನ್ನು ಹೇಳಿದ ಟೈಮಿಗೆ ಮುಗಿಸುವುದು ಹೇಗೆ ಅಂತ ಸರ್ಕಾರಿ ಕಂಪನಿಗಳು ಕಲಿಯಬೇಕಾದ್ದು ಈ ಮಹನೀಯರಿಂದ. ಅವರಲ್ಲಿ ಕೆಲವರು ಈಗಲೂ ಸಿಗುತ್ತಾರೆ. ಚುನಾವಣೆ ಬಂದಾಗ ಮನೆ ಬಾಗಿಲಿಗೇ ಬರುತ್ತಾರೆ.

ಸಂಡೂರಿನ ಬೆಟ್ಟದ ದೇವರ ಹೆಸರು ಕುಮಾರಸ್ವಾಮಿ. ಸಾವಿರ ವರ್ಷಕ್ಕೂ ಹಳೆಯ ಜಾಗ ಅದು. ಅದೇ ಸಾಲಿನಲ್ಲಿ ಎನ್‌ಎಂಡಿಸಿಯ ಗಣಿಯೊಂದಿದೆ, ಅದರ ಹೆಸರೂ ಕುಮಾರಸ್ವಾಮಿ. ಈಗ ಉಕ್ಕು ಸಚಿವರೂ ಕುಮಾರಸ್ವಾಮಿ. ಹರಕೆ ಹೊರುವವರು ಯಾರಿಗೆ ಅಂತ ಪೂಜಾರಿಗೆ ಸರಿಯಾಗಿ ಬಿಡಿಸಿ ಹೇಳುವುದು ಒಳ್ಳೆಯದು. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿ ಹೇಳಿದ್ದರಂತೆ. ಆ ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಎಲ್ಲಾ ಯೋಜನೆಗಳೂ ಅಂದುಕೊಂಡ ಹಾಗೆ ನಡೆದರೆ ಸೆಪ್ಟೆಂಬರ್‌ಗೇನೂ ತೊಂದರೆಯಿಲ್ಲ, ಅದು ವರ್ಷವರ್ಷ ಬರುತ್ತದೆ.

ನನಗೆ ತುಂಬಾ ಹಿಡಿಸಿದ್ದು ದೇವದಾರಿಯಲ್ಲಿ ಕಡಿಯಬೇಕಾದ ಮರಗಳ ಲೆಕ್ಕ. 99,330. ಒಂದು ಲಕ್ಷ ಅಂತ ಬರೆಯಬಹುದಿತ್ತು. ಬರೆಯಲಿಲ್ಲ. ಯಾರೋ ಆ ಬೆಟ್ಟ ಹತ್ತಿ, ಒಂದೊಂದು ಮರದ ಹತ್ತಿರ ನಿಂತು, ಗುರುತು ಹಾಕಿ ಎಣಿಸಿದ್ದಾರೆ. ನಮ್ಮ ಸರ್ಕಾರಗಳಿಗೆ ಕಾಡಿನ ಮೇಲೆ ಕಾಳಜಿ ಇಲ್ಲ ಅನ್ನುವವರು ಈ ಶಿಸ್ತನ್ನು ನೋಡಬೇಕು. ಬದುಕಿರುವಾಗ ಯಾರೂ ಎಣಿಸದ ಮರವನ್ನು ಕಡಿಯುವ ಮುಂಚೆ ಗೌರವದಿಂದ ಎಣಿಸುತ್ತೇವೆ. ಕಡಿದ ಮರಕ್ಕೆ ಬದಲಾಗಿ ಬೇರೆಲ್ಲೋ ಗಿಡ ನೆಡುವ ಏರ್ಪಾಡೂ ಕಾನೂನಿನಲ್ಲಿದೆ. ಸಂಡೂರಿನ ಬೆಟ್ಟದ ಹಕ್ಕಿಗಳು ಅಲ್ಲಿಗೆ ಹೋಗಲಿ. ವಿಳಾಸ ಕಡತದಲ್ಲಿದೆ.

ಇಷ್ಟು ಹೇಳಿದ ಮೇಲೆ ಅರಣ್ಯ ಸಚಿವರಿಗೆ ಒಂದು ಜೈ ಅನ್ನಬೇಕು ಅಲ್ವಾ? ತಡೆ ಹಾಕಿದ್ದು ಅವರು ತಾನೇ. ಅನ್ನೋಣ ಅಂತ ನಾನೂ ಕೈ ಎತ್ತಿದ್ದೆ. ಅಷ್ಟರಲ್ಲಿ ತಡೆಯ ಕಾರಣ ಓದಿದೆ. ಕುದುರೆಮುಖದಲ್ಲಿ ಈ ಕಂಪನಿ ಅರಣ್ಯ ಕಾನೂನು ಮುರಿದಿತ್ತು, ಅದರ ದಂಡ, ಪರಿಹಾರ, ಬಡ್ಡಿ ಎಲ್ಲಾ ಸೇರಿ 1,300 ಕೋಟಿಗೂ ಜಾಸ್ತಿ ಬಾಕಿ ಇದೆ, ಅದನ್ನು ಕಟ್ಟುವವರೆಗೆ ದೇವದಾರಿಯ ಜಾಗ ಕೊಡಬೇಡಿ. ಕಟ್ಟುವವರೆಗೆ! ಹಳೇ ಮನೆಯ ಬಾಡಿಗೆ ಬಾಕಿ ತೀರಿಸು, ಆಮೇಲೆ ಈ ಮನೆ ಕೆಡವು ಅನ್ನುವ ಮಾಲೀಕನ ಹಾಗಿದೆ ಇದು.

ದಂಡ ವಸೂಲಿ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ, ಕಾಸುಕಾಸೂ ಬಿಡಬೇಡಿ. ಗಣಿ ಮುಚ್ಚಿ 2024ಕ್ಕೆ ಹದಿನೆಂಟು ವರ್ಷವಾಗಿತ್ತು, ಅಷ್ಟು ದಿನ ಎಲ್ಲಿದ್ದಿರಿ ಅಂತಲೂ ಕೇಳುವುದಿಲ್ಲ. ಆದರೆ ಕುದುರೆಮುಖದ ಬಾಕಿಗೂ ದೇವದಾರಿಯ ಮರಕ್ಕೂ ಏನು ಸಂಬಂಧ? ಬೆಟ್ಟ ಉಳಿಯಬೇಕಾದ್ದು ಅದು ಬೆಟ್ಟ ಅನ್ನುವ ಕಾರಣಕ್ಕೆ. ಅಲ್ಲಿ ಕಾಡಿದೆ, ನೀರಿದೆ, ಕೆಳಗೆ ಹಳ್ಳಿಗಳಿವೆ, ಆ ತಾಲ್ಲೂಕು ಕಳೆದ ಇಪ್ಪತ್ತು ವರ್ಷದಲ್ಲಿ ತಿಂದಿರುವ ಧೂಳು ಸಾಕಾಗಿದೆ. ಇದನ್ನು ಬರೆಯಲು ಒಂದು ಸಾಲು ಸಾಕಿತ್ತು. ಅದರ ಬದಲು ಬೆಟ್ಟವನ್ನೇ ಒತ್ತೆ ಇಟ್ಟುಕೊಂಡು ವಸೂಲಿಗೆ ಕೂತಿದ್ದಾರೆ. ಈ ಕಡೆ ದೆಹಲಿಯವರಿಗೆ ಕಂಪನಿ ಉಳಿಸುವ ಇಷ್ಟು ಆಸೆ ಇದ್ದಿದ್ದರೆ, ಎರಡು ದಿನದ ಅಂತರದಲ್ಲಿ ಅದರ ಮೇಲೆ ಸುಂಕ ಹಾಕುತ್ತಿರಲಿಲ್ಲ. ನಮ್ಮ ನೌಕರರ ಗತಿ ಏನು ಅಂತ ಕೇಳುವವರೂ ಅವರೇ. ಆ ನೌಕರರನ್ನು ಹದಿನೆಂಟು ವರ್ಷ ಬೇರೆಯವರ ಅದಿರಿಗೆ ಕಾಯಿಸಿದವರೂ ಅವರೇ. ಪಣಂಬೂರಿನ ಕಾರ್ಖಾನೆ ಅದಿರು ಬಂದಾಗ ಓಡುತ್ತದೆ, ಇಲ್ಲದಾಗ ನಿಲ್ಲುತ್ತದೆ. ಗುತ್ತಿಗೆಯ ಮೇಲೆ ದುಡಿಯುವವನಿಗೆ ಕಾರ್ಖಾನೆ ನಿಂತ ದಿನ ಸಂಬಳವೂ ನಿಲ್ಲುತ್ತದೆ. ಅವನ ಹೆಸರಿನಲ್ಲಿ ಬೆಟ್ಟ ಕೇಳುವವರ ಸಂಬಳ ನಿಂತ ಸುದ್ದಿ ಇನ್ನೂ ಬಂದಿಲ್ಲ.

2023-24ರಲ್ಲಿ 83 ಕೋಟಿ ನಷ್ಟ ಕಂಡ ಕಂಪನಿ 1,300 ಕೋಟಿ ಎಲ್ಲಿಂದ ತರುತ್ತದೆ ಅನ್ನುವುದು ಸಣ್ಣ ಪ್ರಶ್ನೆ. ಮನಸ್ಸು ಮಾಡಿದರೆ ಕೇಂದ್ರ ಕೊಡುತ್ತದೆ, ರಾಜ್ಯ ಇಸಿದುಕೊಳ್ಳುತ್ತದೆ, ಎರಡೂ ನಮ್ಮದೇ ತೆರಿಗೆ. ಚೆಕ್ ಪಾಸಾದ ಮಾರನೇ ದಿನ ಏನಾಗುತ್ತದೆ ಖಂಡ್ರೆಯವರೇ? ಕೊಡಲಿ ಹಿಡಿದವರು ಬೆಟ್ಟ ಹತ್ತುವಾಗ ಆ 99,330 ಮರಗಳಿಗೆ ರಶೀದಿ ತೋರಿಸುತ್ತೀರಾ?