ಹೂಳನ್ನು ಬರೀ ಟಿಎಂಸಿಯಲ್ಲಿ ಅಳೆದರೆ ಸಾಕೇ?

ತುಂಗಭದ್ರಾ ಡ್ಯಾಮಿನ ಹೂಳು ಆಗಾಗ ಸುದ್ದಿಯಾಗುತ್ತದೆ. ಕಟ್ಟಿದ ಕಾಲಕ್ಕೆ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ರೈತರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಮಣ್ಣು ಡ್ಯಾಮಿನ ತಳ ಸೇರುವ ಮೊದಲು ಎಷ್ಟೋ ದೂರ ನೀರಲ್ಲಿ ತೇಲಿಕೊಂಡು ಬಂದಿರುತ್ತದೆ. ದಾರಿಯುದ್ದಕ್ಕೂ ಹೊಳೆಯೊಳಗಿನ ಜೀವಗಳಿಗೆ ಅದು ಏನು ಮಾಡಿತು ಅಂತ ಯಾರೂ ಕೇಳುವುದಿಲ್ಲ. ನನ್ನ ತಕರಾರು ಇಲ್ಲೇ ಇದೆ.

ಬೇಸಿಗೆಯಲ್ಲಿ ಮಲೆನಾಡಿನ ತಿಳಿನೀರಿನ ಹಳ್ಳಕ್ಕೆ ಇಳಿದು ಒಂದು ಕಲ್ಲನ್ನು ಮಗುಚಿ ನೋಡಿ. ಮೇಲುಗಡೆ ಕೈಗೆ ಜಾರುವ ತೆಳ್ಳನೆ ಪಾಚಿ. ಅಡಿಯಲ್ಲಿ ಮರಳಿನ ಕಣ ಅಂಟಿಸಿ ಕಟ್ಟಿದ ಪುಟ್ಟ ಗೂಡು, ಒಳಗೊಂದು ಹುಳ. ಪಕ್ಕದಲ್ಲಿ ಚಪ್ಪಟೆ ಮೈಯ ಇನ್ನೊಂದು ಹುಳ, ಹೊಟ್ಟೆಯ ಎರಡೂ ಬದಿಗೆ ಕಿವಿರು ಅಲ್ಲಾಡಿಸುತ್ತಾ ಕೂತಿರುತ್ತದೆ. (ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಿ.) ಪಾಚಿಯನ್ನು ಹುಳ ತಿನ್ನುತ್ತದೆ, ಹುಳವನ್ನು ಮೀನು. ಆ ಮೀನನ್ನು ನೆಚ್ಚಿಕೊಂಡೇ ನೀರುನಾಯಿ, ಮಿಂಚುಳ್ಳಿ, ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ಮರಿ ಮಾಡುವ ರಿವರ್ ಟರ್ನ್ ಹಕ್ಕಿಗಳು ಬದುಕುತ್ತವೆ.

ನೀರು ಬಗ್ಗಡವಾದರೆ ಬಿಸಿಲು ತಳಕ್ಕೆ ಇಳಿಯುವುದಿಲ್ಲ, ಪಾಚಿ ಸೊರಗುತ್ತದೆ. ಹುಳದ ಕಿವಿರಿಗೆ ಮಣ್ಣು ಮೆತ್ತುತ್ತದೆ. ಕಲ್ಲಿನ ಸಂದುಗಳು ತುಂಬಿಹೋಗುತ್ತವೆ. ಎಷ್ಟೋ ಮೀನುಗಳ ಮೊಟ್ಟೆ ಉಳಿಯುವುದೂ ಆ ಸಂದುಗಳಲ್ಲೇ. ನೀರು ಆಡದಿದ್ದರೆ ಮೊಟ್ಟೆ ಉಸಿರುಗಟ್ಟಿ ಕೊಳೆಯುತ್ತದೆ. ಕಣ್ಣಿನಿಂದ ಗುರಿ ಹಿಡಿದು ಧುಮುಕುವ ಹಕ್ಕಿಗೆ ಮೀನೇ ಕಾಣುವುದಿಲ್ಲ. ವಿಷ ಸೇರಿದಾಗ ಆಗುವ ಹಾಗೆ ಸತ್ತ ಮೀನು ರಾಶಿರಾಶಿ ತೇಲುವುದಿಲ್ಲವಲ್ಲ, ಅದಕ್ಕೇ ಇದು ಯಾರ ಗಮನಕ್ಕೂ ಬರುವುದಿಲ್ಲ.

ಮಳೆಗಾಲದಲ್ಲಿ ಹೊಳೆ ಕೆಂಪಾಗುವುದು ಸಹಜ ಅಲ್ವಾ ಅಂತ ಕೇಳಬಹುದು. ಸಹಜವೇ. ಹತ್ತುಮೀನು, ಅಂದರೆ ಮೊಟ್ಟೆಯಿಡಲು ಹೊಳೆಯಿಂದ ಮೇಲೆ ಹತ್ತುವ ಮೀನು, ಗದ್ದೆಗೆ ಏರುವುದೂ ಆ ಕೆಂಪು ನೀರಲ್ಲೇ. ನಮ್ಮ ಮೀನುಗಳಿಗೆ ಅದು ಹೊಸದಲ್ಲ. ಆದರೆ ಕಾಡಿನಿಂದ ಇಳಿಯುವ ನೀರು ಮಳೆ ಹೊಳವಾದ ಮೇಲೆ ಬೇಗ ತಿಳಿಯಾಗುತ್ತದೆ. ಬಗೆದ ಬೆಟ್ಟದಿಂದ ಬರುವುದು ಹಾಗಲ್ಲ.

ಕುದುರೆಮುಖದಲ್ಲಿ ಆದದ್ದು ಇದೇ. ಅಷ್ಟು ಮಳೆ ಸುರಿಯುವ ಜಾಗದಲ್ಲಿ, ಭದ್ರೆಯ ನೆತ್ತಿಯ ಮೇಲೇ ಕಬ್ಬಿಣದ ಅದಿರಿಗಾಗಿ ಗುಡ್ಡ ಅಗೆದರು. ಹೊಳೆಯ ಕೆಸರನ್ನು ವಿಜ್ಞಾನಿಗಳು ಅಳೆದಾಗ, ಭದ್ರೆಗೆ ನೀರು ಕೊಡುವ ಪ್ರದೇಶದಲ್ಲಿ ತೀರಾ ಸಣ್ಣ ತುಂಡಾಗಿದ್ದ ಗಣಿಯಿಂದಲೇ ದೊಡ್ಡ ಪಾಲು ಮಣ್ಣು ಬರುತ್ತಿತ್ತು ಅನ್ನುವುದು ಗೊತ್ತಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅದಕ್ಕಾಗಿ ಹೋರಾಡಿದವರಿಗೆ ನಾನು ಋಣಿ.

ಈಗ ಗುಡ್ಡಕ್ಕೆ ಜೆಸಿಬಿ ಹತ್ತಿಸುವವರು ಬೇರೆ. ರಸ್ತೆ ಅಗಲ ಮಾಡಬೇಕು, ರೆಸಾರ್ಟಿಗೆ ಜಾಗ ಸಮ ಮಾಡಬೇಕು. ಅಗೆದ ಮಣ್ಣನ್ನು ಸುಮ್ನೆ ಹಳ್ಳದ ಕಡೆ ತಳ್ಳಿಬಿಡುತ್ತಾರೆ, ಮೊದಲ ಮಳೆಗೇ ಅದೆಲ್ಲ ಹೊಳೆ ಪಾಲು. ಇದನ್ನು ತಡೆಯಲು ದೊಡ್ಡ ಯೋಜನೆ ಏನೂ ಬೇಡ. ದಂಡೆಯ ವಾಟೆ, ಹೊಳೆಮತ್ತಿಗಳನ್ನು ಕಡಿಯದೆ ಬಿಡಬೇಕು. ಅಗೆದ ಮಣ್ಣನ್ನು ಹಳ್ಳದಿಂದ ದೂರ ಹಾಕಬೇಕು, ಮಳೆಗೆ ಮೊದಲು ಅದರ ಮೇಲೆ ಹುಲ್ಲು ಬೆಳೆಸಬೇಕು. ಚರಂಡಿ ನೀರು ಹಳ್ಳ ಸೇರುವ ಮೊದಲು ನಿಂತು ಕೆಸರು ಇಳಿಯಲು ಗುಂಡಿ ತೋಡಬೇಕು. ಕಾಮಗಾರಿಯ ಟೆಂಡರಿನಲ್ಲೇ ಇವನ್ನು ಷರತ್ತಾಗಿ ಬರೆಯಿರಿ, ಪಾಲಿಸದವರಿಗೆ ಬಿಲ್ ಪಾಸ್ ಮಾಡಬೇಡಿ.