ಅದನ್ನು ಕೃತಘ್ನತೆ ಅನ್ನಬೇಡಿ

ಎರಡನೇ ಮಹಾಯುದ್ಧ ಗೆಲ್ಲಿಸಿಕೊಟ್ಟ ಪ್ರಧಾನಿ ಚರ್ಚಿಲ್ ಅವರನ್ನು 1945ರ ಚುನಾವಣೆಯಲ್ಲಿ ಸೋಲಿಸಿ ಮನೆಗೆ ಕಳಿಸಿದ್ದು ಬ್ರಿಟಿಷ್ ಮತದಾರರ ಕೃತಘ್ನತೆ ಎಂದು ಬರೆದಿದ್ದೀರಿ. ಈ ಒಂದು ಮಾತನ್ನು ನಾನು ಖಂಡಿತ ಒಪ್ಪಲಾರೆ. ಬಾಂಬಿಗೆ ಸೂರು ಕಳೆದುಕೊಂಡು ನೆಂಟರ ಮನೆಯ ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದವರಿಗೆ ಬೇಕಿದ್ದದ್ದು ಮನೆ, ಕೆಲಸ, ಕಾಯಿಲೆ ಬಿದ್ದರೆ ಸಾಲ ಮಾಡದೆ ಸಿಗುವ ಡಾಕ್ಟರು. 1930ರ ದಶಕದ ನಿರುದ್ಯೋಗವನ್ನು ಅವರು ಮರೆತಿರಲಿಲ್ಲ. 1942ರ ಕೊನೆಗೆ, ಎಲ್ಲರಿಗೂ ಸಾಮಾಜಿಕ ಭದ್ರತೆ ಒದಗಿಸುವ ಯೋಜನೆ ಮುಂದಿಟ್ಟ ಬೆವರಿಜ್ ವರದಿ ಬಂದಾಗ ಸರ್ಕಾರಿ ದಾಖಲೆಯೊಂದನ್ನು ಕೊಳ್ಳಲು ಜನ ಸಾಲುಗಟ್ಟಿ ನಿಂತಿದ್ದರು. ಬದಲಾವಣೆಗೆ ಅಷ್ಟು ಹಸಿವಿತ್ತು! ಅಂಥ ಜನರಿಗೆ ಚರ್ಚಿಲ್ 1945ರ ಜೂನ್ 4ರ ಚುನಾವಣಾ ರೇಡಿಯೊ ಭಾಷಣದಲ್ಲಿ ಹೇಳಿದ್ದೇನು? ಸಮಾಜವಾದ ಬಂದರೆ ಹಿಟ್ಲರ್‌ನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದಂಥದ್ದೇ ಒಂದು ವ್ಯವಸ್ಥೆ ಬೇಕಾಗುತ್ತದೆ ಎಂದು. ಐದು ವರ್ಷ ತಮ್ಮದೇ ಯುದ್ಧಕಾಲದ ಮೈತ್ರಿ ಸಂಪುಟದಲ್ಲಿ ಹೆಗಲು ಕೊಟ್ಟ ಆ್ಯಟ್ಲಿ, ಬೆವಿನ್, ಮಾರಿಸನ್ ಅವರ ಲೇಬರ್ ಪಕ್ಷದ ಬಗ್ಗೆ ಆಡಿದ ಮಾತು ಇದು. ಯುದ್ಧಕಾಲದಲ್ಲಿ ಕಾರ್ಮಿಕ ಇಲಾಖೆ, ಗೃಹ ಇಲಾಖೆ ನಡೆಸಿದವರೇ ಇವರು. ಜನ ಅವರ ಕೆಲಸವನ್ನು ಕಣ್ಣಾರೆ ಕಂಡಿದ್ದರು.

ಇನ್ನೊಂದು ವಿಷಯ. ಚರ್ಚಿಲ್ ಸ್ಪರ್ಧಿಸಿದ ವುಡ್‌ಫರ್ಡ್ ಕ್ಷೇತ್ರದಲ್ಲಿ ಲೇಬರ್, ಲಿಬರಲ್ ಎರಡೂ ಪಕ್ಷಗಳು ಅವರ ಮೇಲಿನ ಗೌರವಕ್ಕೆ ಅಭ್ಯರ್ಥಿಯನ್ನೇ ಹಾಕಲಿಲ್ಲ. ಇದು ಕೃತಘ್ನರ ನಡವಳಿಕೆಯೇ? ಆದರೂ ಹೆಸರೇ ಕೇಳಿರದ ಪಕ್ಷೇತರರೊಬ್ಬರಿಗೆ ಅಲ್ಲಿ 10 ಸಾವಿರಕ್ಕೂ ಹೆಚ್ಚು ಮತ ಬಿತ್ತು. ವ್ಯಕ್ತಿಗೆ ಗೌರವ, ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಮತವಿಲ್ಲ ಎಂಬ ಉತ್ತರ. ಲೇಬರ್‌ಗೆ ಸಂಸತ್ತಿನಲ್ಲಿ 393 ಸ್ಥಾನ ಕೊಟ್ಟು ಗೆಲ್ಲಿಸಿದವರು ಯೋಚಿಸಿಯೇ ಕೊಟ್ಟರು. ಮೂರು ವರ್ಷದಲ್ಲಿ, 1948ರ ಜುಲೈ 5ಕ್ಕೆ, ಉಚಿತ ಆರೋಗ್ಯ ಸೇವೆ ಅವರ ಮನೆ ಬಾಗಿಲಿಗೆ ಬಂತು.